ಓವರ್‌ಕ್ಲಾಕೋ, ಅಪ್‌ಗ್ರೇಡೋ?

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಊರಿಗೆ ಹೋಗುವಾಗ ಟಿ.ವಿ.ಯನ್ನು ಒಡೆಯದಂತೆ ಪ್ಯಾಕ್ ಮಾಡುವುದು ಹೇಗೆ ಎಂದು ಬರೆದಿದ್ದೆವು. ಈ ಸಲ ನಮ್ಮ ರೂಮಿನ ಕಂಪ್ಯೂಟರ್ ಕಥೆ. ಇದೇ ತಲೆನೋವು ಇರುವ ರೂಮುಗಳು ಇನ್ನೂ ಇವೆ ಎಂದು ಸಂಘದ ಕ್ರಿಕೆಟ್ ಪಂದ್ಯದ ದಿನ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇವೆ.

ಶಾರ್ಜಾದ ನಮ್ಮ ರೂಮಿನಲ್ಲಿ ನಾಲ್ಕು ಜನ. 2019ರಲ್ಲಿ ನಾಲ್ವರೂ ಕೈಸೇರಿಸಿ, ಬರ್‌ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಅಂಗಡಿಗಳನ್ನು ಎರಡು ರಜಾದಿನ ಸುತ್ತಿ, ಒಂದು ಗೇಮಿಂಗ್ ಪಿ.ಸಿ. ಜೋಡಿಸಿಕೊಂಡೆವು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 75 ಹರ್ಟ್ಸ್‌ನ ಮಾನಿಟರ್. ಅಂದಿನ ನಮ್ಮ ಸಂಬಳಕ್ಕೆ ಅದೇ ದೊಡ್ಡದು.

ನಮ್ಮಲ್ಲಿ ಕುಂದಾಪುರದ ಹುಡುಗನೊಬ್ಬನಿದ್ದಾನೆ. ಅವನಿಗೆ ಈ ಕಂಪ್ಯೂಟರ್ ಬರೀ ಆಟದ ಸಾಮಾನಲ್ಲ. ಅವನು ಇಲ್ಲಿಗೆ ಬರುವಾಗ ತಮ್ಮ ಆರನೇ ಕ್ಲಾಸಿನಲ್ಲಿದ್ದ. ಫೋನಿನಲ್ಲಿ ಮಾತಾಡಿದರೆ ‘ಊಟ ಆಯ್ತಾ, ಆಯ್ತು’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ವಾರಕ್ಕೊಮ್ಮೆ ಇಬ್ಬರೂ ಕೌಂಟರ್ ಸ್ಟ್ರೈಕ್ ಆಡಲು ಶುರುಮಾಡಿದ ಮೇಲೆ ಮಾತಿಗೆ ಮಾತು ಸೇರಿತು. ಪರೀಕ್ಷೆ, ಗೆಳೆಯರು, ಅಪ್ಪನ ಮೊಣಕಾಲು ನೋವು ಎಲ್ಲ ಆಟದ ನಡುವೆಯೇ ತಿಳಿಯುವುದು.

2023ರ ಸೆಪ್ಟೆಂಬರ್‌ನಲ್ಲಿ ಆ ಆಟದ ಹಳೆಯ ಆವೃತ್ತಿ ಹೋಗಿ ಎರಡನೆಯದು ಬಂತು. ಅದು ಹೆಚ್ಚು ಭಾರದ್ದು. ನಮ್ಮ ಮಿಷಿನ್ ಏದುಸಿರು ಬಿಡತೊಡಗಿತು. ಸೆಕೆಂಡಿಗೆ ಸರಾಸರಿ 80 ಚಿತ್ರ ಬಂದರೂ, ಹೊಗೆ ಎದ್ದು ಐದಾರು ಜನ ಎದುರಾದ ಕೂಡಲೇ 40ಕ್ಕೆ ಇಳಿಯುವುದು. ತಮ್ಮನ ಕಂಪ್ಯೂಟರ್ ಇನ್ನೂ ಬಡವ: ಎ320 ಬೋರ್ಡು, ನಾಲ್ಕು ಕೋರಿನ ರೈಜನ್ 3 1200. ಒಂದು ದಿನ ಅವನು, “ಅಣ್ಣಾ, ಇನ್ನು ಬೇಡ, ಆಡ್ಲಿಕ್ಕೇ ಆಗುದಿಲ್ಲ” ಎಂದ. ಆ ರಾತ್ರಿ ನಮ್ಮ ರೂಮಿನಲ್ಲಿ ಚರ್ಚೆ ಎದ್ದಿತು.

ಗೋದಾಮಿನಲ್ಲಿ ಕೆಲಸ ಮಾಡುವವರು ಓವರ್‌ಕ್ಲಾಕ್ ಪಕ್ಷ. “ಕೀಲಿ ತಿರುಗಿಸಿದರೆ ಸಾಕು, ಒಂದು ದಿರ್ಹಮ್ ಖರ್ಚಿಲ್ಲ.” ಎಸಿ ಮೆಕ್ಯಾನಿಕ್ ಆಗಿರುವ ಹಿರಿಯಣ್ಣ ಅಪ್‌ಗ್ರೇಡ್ ಪಕ್ಷ. “ಅದಕ್ಕೆ ಓವರ್‌ಟೈಮ್ ಮಾಡಿಸ್ತೀಯಲ್ಲ ಮಾರಾಯಾ, ಅದರ ಸೆಕೆ ಯಾರು ತೆಗೀತಾರೆ?”

ಹೊಸಬರಿಗಾಗಿ ಒಂದು ಮಾತು. 3.7 ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ 370 ಕೋಟಿ ಸಲ ಮಿಡಿಯುತ್ತದೆ. ಕಂಪನಿ ಹೇಳಿದ್ದಕ್ಕಿಂತ ವೇಗವಾಗಿ ಮಿಡಿಯುವಂತೆ ಮಾಡುವುದೇ ಓವರ್‌ಕ್ಲಾಕ್. ಇದಕ್ಕೆ ಹೆಸರು ಬಂದದ್ದು ಸುಮ್ಮನೆ ಅಲ್ಲ. 1998ರ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು, ಬಸ್ ವೇಗ 66ರಿಂದ 100ಕ್ಕೆ ಏರಿಸಿ, 300 ಮೆಗಾಹರ್ಟ್ಸ್ ಬದಲು 450ರಲ್ಲಿ ಓಡಿಸುತ್ತಿದ್ದರು. ಅರ್ಧದಷ್ಟು ಲಾಭ, ಪುಕ್ಕಟೆ! ಈಗ ಕಾಲ ಬದಲಾಗಿದೆ. ಬೂಸ್ಟ್ ಎಂಬ ಹೆಸರಿನಲ್ಲಿ ಕಂಪನಿಯವರೇ ಹಿಂಡುವಷ್ಟನ್ನು ಹಿಂಡಿರುತ್ತಾರೆ. ನಮಗೆ ಉಳಿಯುವುದು ಹಿಂಡಿದ ತೆಂಗಿನಕಾಯಿಯ ಮೂರನೇ ಹಾಲು.

ಮೊದಲು ತಿಳಿಯಬೇಕಾದದ್ದು, ಎಡವುತ್ತಿರುವುದು ಯಾವ ಭಾಗ ಎಂದು. ಪರೀಕ್ಷೆ ಸುಲಭ. ಆಟದ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ ನೋಡಿ. ಚಿತ್ರಗಳ ಸಂಖ್ಯೆ ಜೋರಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡ್ ಸೋಲುತ್ತಿತ್ತು ಎಂದರ್ಥ. ಹೆಚ್ಚೇನೂ ಬದಲಾಗದಿದ್ದರೆ ಪ್ರೊಸೆಸರೋ ರ‍್ಯಾಮೋ ಸೋಲುತ್ತಿದೆ. ನಮ್ಮಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಹೊಸ ಕಾರ್ಡಿಗೆ ಎಂದು ಎತ್ತಿಟ್ಟಿದ್ದ ದುಡ್ಡು ಅಲ್ಲೇ ಉಳಿಯಿತು.

ಆಮೇಲೆ ಪೆಟ್ಟಿಗೆ ಬಿಚ್ಚಿದೆವು. ಇಲ್ಲಿಯ ಧೂಳು ಗೊತ್ತಲ್ಲ, ಕಿಟಕಿ ಮುಚ್ಚಿದ್ದರೂ ಹಿಟ್ಟಿನಂತೆ ಒಳಗೆ ಬರುತ್ತದೆ. ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯೇ ಹಾಸಿತ್ತು. ಬ್ರಷ್ಷಿನಿಂದ ತೆಗೆದು, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬಯೋಸ್ ತೆರೆದು ನೋಡಿದರೆ ಇನ್ನೊಂದು ಬೇಸರ. 3000 ಎಂದು ಬರೆದಿದ್ದ ರ‍್ಯಾಮ್ ಇಷ್ಟು ವರ್ಷ 2133ರಲ್ಲೇ ಓಡುತ್ತಿತ್ತು. ಎಕ್ಸ್‌ಎಂಪಿ ಎಂಬ ಒಂದು ಆಯ್ಕೆಯನ್ನು ನಾವು ಆನ್ ಮಾಡಿಯೇ ಇರಲಿಲ್ಲ. ರೈಜನ್ನಿನ ಒಳಗಿನ ಓಡಾಟ ರ‍್ಯಾಮಿನ ವೇಗವನ್ನೇ ನೆಚ್ಚಿಕೊಂಡಿರುವುದರಿಂದ ನಷ್ಟ ಸಣ್ಣದಲ್ಲ. ಒಂದೇ ಕಡ್ಡಿ ಇದ್ದದ್ದರಿಂದ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿತ್ತು. 60 ದಿರ್ಹಮಿಗೆ ಅದೇ ವೇಗದ ಸೆಕೆಂಡ್‌ಹ್ಯಾಂಡ್ ಕಡ್ಡಿ ಸಿಕ್ಕಿತು. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಇಷ್ಟಕ್ಕೇ ಸರಾಸರಿ 100ಕ್ಕೆ ಏರಿತು, ಕುಸಿತ 55ಕ್ಕೆ ನಿಂತಿತು.

ಇನ್ನೂ 55 ಎಂದರೆ ಕಣ್ಣಿಗೆ ಗೊತ್ತಾಗುತ್ತದೆ. ಈಗ ಗೋದಾಮಿನವರ ಸರದಿ. ಎಲ್ಲ ಕೋರುಗಳನ್ನೂ 3.7ರಿಂದ 4.0ಗೆ ಏರಿಸಿ, ವೋಲ್ಟೇಜ್ ಸ್ವಲ್ಪ ಹೆಚ್ಚಿಸಿದರು. ವೇಗ ಏರಿದ್ದು ಶೇ. 8. ಆದರೆ ಶಾಖದ ಲೆಕ್ಕ ಹಾಗಲ್ಲ, ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ. 10 ಹೆಚ್ಚಿದರೆ ಅದೊಂದರಿಂದಲೇ ಶಾಖ ಶೇ. 21 ಹೆಚ್ಚು, ವೇಗದ್ದು ಬೇರೆ. ನಮ್ಮದು ಪೆಟ್ಟಿಗೆಯೊಂದಿಗೆ ಬಂದ ಸಣ್ಣ ಕೂಲರ್.

ಇಲ್ಲಿ ಹಿರಿಯಣ್ಣ ಹೇಳಿದ ಮಾತು ಎಲ್ಲರೂ ಬರೆದಿಟ್ಟುಕೊಳ್ಳುವಂಥದ್ದು. “ಗಾಳಿಯ ಕೂಲರ್ ಯಾವತ್ತೂ ರೂಮಿನ ಗಾಳಿಗಿಂತ ತಣ್ಣಗೆ ಮಾಡುದಿಲ್ಲ. ರೂಮು ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಬಿಸಿಯಾಗ್ತದೆ.” ಚಳಿಗಾಲದ ರಾತ್ರಿ 80 ಡಿಗ್ರಿಯಲ್ಲಿ ಸುಮ್ಮನಿದ್ದ ಮಿಷಿನ್, ಬೇಸಿಗೆಯಲ್ಲಿ ಎಸಿ ಕೆಟ್ಟು ಕೂತ ದಿನ 90 ದಾಟಿತು. ಆ ಪ್ರೊಸೆಸರಿನ ಮಿತಿ 95. ತಮ್ಮನ ಜೊತೆ ಆಟದ ನಡುವೆಯೇ ಪರದೆ ನೀಲಿಯಾಯಿತು. ಕುಸಿತ 55ರಿಂದ 59ಕ್ಕೆ ಬಂದಿತ್ತು, ಅಷ್ಟೆ. ದೊಡ್ಡ ಕೂಲರ್ ಕೇಳಿದರೆ 120 ದಿರ್ಹಮ್. ನಾಲ್ಕು ಚಿತ್ರಕ್ಕೆ 120 ದಿರ್ಹಮ್ ಎಂದಾಗ ಗೋದಾಮಿನವರೇ ನಕ್ಕು, ಎಲ್ಲವನ್ನೂ ಮೊದಲಿನಂತೆ ಮಾಡಿದರು.

ಕೊನೆಗೆ ಅಪ್‌ಗ್ರೇಡ್. ನಮ್ಮ ಅದೃಷ್ಟಕ್ಕೆ ಎಎಂ4 ಸಾಕೆಟ್ ಬಾಳಿಕೆಯದು. 2022ರಲ್ಲಿ ಬಂದ ರೈಜನ್ 5 5600 ಇದೇ ಹಳೆಯ ಬೋರ್ಡಿನಲ್ಲಿ ಕೂರುತ್ತದೆ, ಅದೇ 65 ವ್ಯಾಟಿನ ಲೆಕ್ಕ, ಪವರ್ ಸಪ್ಲೈ ಬದಲಿಸಬೇಕಿಲ್ಲ. ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು. ಮರೆತರೆ ಪರದೆ ಕಪ್ಪಾಗಿಯೇ ಇರುತ್ತದೆ. ನಾವು ಕೊಟ್ಟದ್ದು 380 ದಿರ್ಹಮ್. ದರ ವಾರಕ್ಕೊಂದು, ನೀವು ವಿಚಾರಿಸಿಯೇ ಕೊಳ್ಳಿ. ಈಗ ಎಷ್ಟೇ ಗಲಾಟೆಯಿದ್ದರೂ 85ಕ್ಕಿಂತ ಕೆಳಗಿಳಿಯುವುದಿಲ್ಲ. ನಮ್ಮ ಮಾನಿಟರ್ ತೋರಿಸುವುದೇ 75 ಚಿತ್ರ. ಅದಕ್ಕಿಂತ ಮೇಲಿನದು ಬರೀ ಲೆಕ್ಕಕ್ಕೆ.

ಆ 380ನ್ನು ಕುಂದಾಪುರದ ಹುಡುಗ ತಾನೊಬ್ಬನೇ ಕೊಟ್ಟ. ನಾವು ಪಾಲು ಹಾಕುತ್ತೇವೆ ಎಂದರೂ ಕೇಳಲಿಲ್ಲ. “ಹಳೇದು ನಂಗೆ ಬೇಕು” ಎಂದ. ಆಗ ನಮಗೆ ತಲೆಗೆ ಹೋಯಿತು. ಆರು ಕೋರಿನ ಆ 2600 ತಮ್ಮನ ಎ320 ಬೋರ್ಡಿಗೂ ಹಿಡಿಸುತ್ತದೆ! ಎ320ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವ ಅವಕಾಶವೇ ಇಲ್ಲ. ಅವನಿಗೆ ಇದೊಂದೇ ದಾರಿ.

ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಸೂಜಿಯಂಥ ಪಿನ್ನುಗಳು, ಒಂದು ಬಾಗಿದರೂ ಕಷ್ಟ. ಹೊಸದು ಬಂದ ಪ್ಲಾಸ್ಟಿಕ್ ಚಿಪ್ಪಿನೊಳಗೇ ಹಳೆಯದನ್ನಿಟ್ಟು, ಕೈಚೀಲದಲ್ಲಿ ಬಟ್ಟೆಗಳ ನಡುವೆ ಒಯ್ದ. ರಜೆ ಬಿದ್ದದ್ದು ಜೂನಿನಲ್ಲಿ. ಅಲ್ಲೂ ಮೊದಲು ಬಯೋಸ್ ಅಪ್‌ಡೇಟ್ ಆಗಬೇಕು, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಯಿತು. ಕುಂದಾಪುರದ ಮಳೆಗಾಲದಲ್ಲಿ ಕರೆಂಟನ್ನು ನಂಬುವವರುಂಟೇ? ಅಣ್ಣತಮ್ಮಂದಿರು ಪೆಟ್ಟಿಗೆಗೆ ಟಾರ್ಪಾಲು ಸುತ್ತಿ, ಯುಪಿಎಸ್ ಇದ್ದ ಜೆರಾಕ್ಸ್ ಅಂಗಡಿಗೆ ರಿಕ್ಷಾದಲ್ಲಿ ಒಯ್ದು ಕೆಲಸ ಮುಗಿಸಿದರಂತೆ.

ಹಾಗಾದರೆ ಓವರ್‌ಕ್ಲಾಕ್ ಬೇಡವೇ ಬೇಡವೇ? ಹಾಗೇನಿಲ್ಲ. ನಿಮ್ಮದು ಇಂಟೆಲ್‌ನ ‘ಕೆ’ ಅಕ್ಷರವಿರುವ ಹಳೆಯ ಪ್ರೊಸೆಸರ್, ಜೊತೆಗೆ ‘ಝಡ್’ ಬೋರ್ಡು, ಒಳ್ಳೆಯ ಕೂಲರ್ ಇದ್ದು, ಆ ಸಾಕೆಟ್ಟಿಗೆ ಮುಂದಿನ ದಾರಿಯೇ ಇಲ್ಲದಿದ್ದರೆ, ಹೊಸ ಮಿಷಿನ್ನಿಗೆ ದುಡ್ಡು ಕೂಡುವವರೆಗೆ ಅದೇ ಸರಿ. ಆದರೆ ಮೊದಲು ಧೂಳು, ಆಮೇಲೆ ರ‍್ಯಾಮ್, ಆಮೇಲೆ ಸಾಕೆಟ್ಟಿನಲ್ಲಿ ಇನ್ನೇನು ಕೂರುತ್ತದೆ ಎಂಬ ವಿಚಾರಣೆ. ಇನ್ನೊಂದು ಲೆಕ್ಕ ನಮ್ಮಂಥವರಿಗೇ ಮೀಸಲು. ಓವರ್‌ಕ್ಲಾಕಿನಿಂದ ಬಂದ ವೇಗವನ್ನು ಊರಿಗೆ ಒಯ್ಯಲಾಗದು, ಕಳಚಿದ ಪ್ರೊಸೆಸರನ್ನು ಒಯ್ಯಬಹುದು.

ಈಗ ವಾರದ ರಜೆಯ ಸಂಜೆ ನಮ್ಮ ರೂಮಿನಲ್ಲಿ ಮತ್ತೆ ಗಲಾಟೆ. ತಮ್ಮನೇ ಹೆಚ್ಚು ಗೆಲ್ಲುತ್ತಿದ್ದಾನೆ. “ಹಳೇ ಪ್ರೊಸೆಸರ್ ಕೊಟ್ಟದ್ದೇ ತಪ್ಪಾಯ್ತು” ಎಂದು ಅಣ್ಣ ಗೊಣಗುತ್ತಾನೆ.