ಕಳ್ಳರ ಪಾಠ ಓದಿದರೆ ನೌಕರಿ ಸಿಗುತ್ತದೆಯೇ?

ಮೊನ್ನೆ ಭಾನುವಾರ ಗರಿಯಾಹಾಟ್ ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ಮನೆಗೆ ಬರುವಷ್ಟರಲ್ಲಿ ಹುಬ್ಬಳ್ಳಿಯಿಂದ ತಂಗಿಯ ಫೋನು. "ಅಣ್ಣಾ, ನೀನರ ಈಕಿಗೆ ಬುದ್ಧಿ ಹೇಳು. ಪಿಯುಸಿ ಸೈನ್ಸ್ ಮುಗಿಸಿ ಈಗ ಬಿಎ ಕ್ರಿಮಿನಾಲಜಿ ಮಾಡ್ತೀನಿ ಅಂತಾಳ. ಕಳ್ಳರ ಬಗ್ಗೆ ಓದಿ ಏನ್ ಮಾಡಾಕಿ?"

ನನ್ನ ಪ್ರಕಾರ ತಾಯಿ ಮಗಳು ಇಬ್ಬರದೂ ಅರ್ಧರ್ಧ ತಪ್ಪು.

ತಾಯಿಯ ತಪ್ಪು ಏನೆಂದರೆ, ಇದು ಕೆಲಸಕ್ಕೆ ಬಾರದ ಓದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ಇದಕ್ಕೆ ತಯಾರಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶ. ಅಷ್ಟು ತಜ್ಞರು ಎಲ್ಲಿಂದ ಬರಬೇಕು? ಅದೇ ವರ್ಷ ಆಗಸ್ಟಿನಲ್ಲಿ ನಮ್ಮೂರಿನ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಕೊಲೆಯಾದಾಗ, ಘಟನಾ ಸ್ಥಳವನ್ನು ಸರಿಯಾಗಿ ಕಾಪಾಡಿದ್ದರೋ ಇಲ್ಲವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಲ್ಲಿನ ಹೆಂಗಸರು ರಾತ್ರಿಯೆಲ್ಲಾ ಬೀದಿಯಲ್ಲಿ ನಿಂತಿದ್ದನ್ನು ಕಂಡವರಿಗೆ ಈ ಕೆಲಸದ ಬೆಲೆ ಗೊತ್ತು.

ಇನ್ನು ಮಗಳ ತಪ್ಪು. ಡಿಗ್ರಿಯ ಹೆಸರಿನಲ್ಲಿ ಕ್ರೈಮ್ ಇದ್ದ ಮಾತ್ರಕ್ಕೆ ಆ ಕೆಲಸ ಸಿಗುವುದಿಲ್ಲ ನೋಡಿ. ಸಬ್ ಇನ್ಸ್‌ಪೆಕ್ಟರ್ ಆಗಲು ಯಾವ ಪದವಿಯಾದರೂ ನಡೆಯುತ್ತದೆ. ಸರಕಾರಿ ವಕೀಲೆಯಾಗಲು ಎಲ್‌ಎಲ್‌ಬಿ ಬೇಕು. ಇಲ್ಲೇ ಹಾಜ್ರಾ ರಸ್ತೆಯ ಕಾನೂನು ಕಾಲೇಜಿನ ಮುಂದೆ ಕಪ್ಪು ಕೋಟಿನ ಕನಸು ಹೊತ್ತ ಹುಡುಗರನ್ನು ದಿನಾ ನೋಡುತ್ತೇನೆ. ಬಾಲಾಪರಾಧಿಗಳು, ಕೈದಿಗಳ ನಡುವೆ ಕೆಲಸ ಮಾಡುವ ಮನಸ್ಸಿದ್ದರೆ ಸಮಾಜಕಾರ್ಯದ ಪದವಿ ಹೆಚ್ಚು ಉಪಯೋಗ. ಕ್ರಿಮಿನಾಲಜಿಯಲ್ಲೇ ಎಂಎ, ನೆಟ್ ಮಾಡಿಕೊಂಡು ಪಾಠ ಹೇಳುವ ದಾರಿಯೂ ಇದೆ, ಆದರೆ ಅದು ಕಿರಿದು. ಪ್ರಯೋಗಾಲಯವೇ ಬೇಕೆಂದರೆ ರಸಾಯನಶಾಸ್ತ್ರ, ಜೀವಶಾಸ್ತ್ರ ಬಿಡುವಂತಿಲ್ಲ.

ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಶುರುವಾಗಿದ್ದು ಲಂಡನ್ನಿನಲ್ಲಲ್ಲ, ಇದೇ ಕೊಲ್ಕತ್ತಾದಲ್ಲಿ! ಹೆಸರು ಬಂದಿದ್ದು ಸಾಹೇಬ ಎಡ್ವರ್ಡ್ ಹೆನ್ರಿಗೆ. ಆದರೆ ಸಾವಿರಾರು ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರದ ಹಿಂದೆ ಇದ್ದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಅವರ ಬಂಡವಾಳ ಗಣಿತ. ಅಂದರೆ ಮೊದಲು ಒಂದು ವಿದ್ಯೆ ಗಟ್ಟಿ ಇರಬೇಕು, ಅಪರಾಧ ಶೋಧನೆ ಅದರ ಮೇಲೆ ಕಟ್ಟುವ ಮಾಳಿಗೆ.

ಅದಕ್ಕೇ ಸೊಸೆಗೆ ಹೇಳಿದೆ: ಕೈಯಲ್ಲಿರುವ ಸೈನ್ಸ್ ಬಿಡಬೇಡ. ಮೊದಲು ಬಿಎಸ್ಸಿ ಮಾಡು, ಆಮೇಲೆ ಫೊರೆನ್ಸಿಕ್. ಮನೆ ಬಿಟ್ಟು ದೂರ ಹೋಗಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವೇ ಇದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಅಲ್ಲಿಗೆ ಬಂದಿದೆ. ನಮ್ಮ ಕಾಲದಲ್ಲಿ ನೌಕರಿಗೆಂದು ಎರಡು ದಿನ ರೈಲಿನಲ್ಲಿ ಕೂತು ಬಾಲಿಗಂಜ್ ಸೇರಿದ ನನಗೆ ಇದು ಹೊಟ್ಟೆಕಿಚ್ಚಿನ ವಿಷಯವೇ!

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಮಾಮಾ, ಹೆಣಾ ನೋಡಬೇಕಾಗ್ತದೇನು?"

"ಆಗಬಹುದವ್ವಾ."

"ಯಾರರ ನೋಡಬೇಕಲ್ಲ..." ಅಂದಳು.

ತಂಗಿಗೆ ಇನ್ನೂ ಸಮಾಧಾನವಿಲ್ಲ. ನನಗಂತೂ ಆ ಒಂದು ಮಾತು ಸಾಕಾಯಿತು. ನೀವೇನಂತೀರಿ?