ಬಣ್ಣದ ಚೀಟಿಯೂ ಕೃಷಿಕನ ವಿವೇಕವೂ

ಮಳೆಗಾಲದ ಮೋಡ ಕಾಣುವ ಮೊದಲೇ ನಮ್ಮ ಅಡೂರು, ದೇಲಂಪಾಡಿ, ಮುಳ್ಳೇರಿಯ ಕಡೆಗಳಲ್ಲಿ ಮದ್ದು ಗೊಬ್ಬರಗಳ ಜಾಹೀರಾತು ಕಾಣಿಸಿಕೊಳ್ಳುವುದು ವಾಡಿಕೆ. ಅಂಗಡಿಯ ಗೋಡೆಯಲ್ಲಿ, ಈಚೆಗಂತೂ ಕೈಯ ಫೋನಿನಲ್ಲಿಯೂ, ಆಳೆತ್ತರದ ಅಡಿಕೆ ಗೊನೆಗಳು ತೂಗುತ್ತವೆ; ಪಕ್ಕದಲ್ಲಿ ಶುಭ್ರವಾದ ಅಂಗಿ ತೊಟ್ಟ ಕೃಷಿಕನೊಬ್ಬ ನಗುತ್ತಾನೆ. ಜಾಹೀರಾತೇ ಬೇಡವೆಂದು ನಾವು ಹೇಳುವುದಿಲ್ಲ. ಹೊಸ ವಸ್ತು ಬಂದಿದೆಯೆಂದು ತಿಳಿಯಲು ಅದು ಬೇಕು. ಪತ್ರಿಕೆಗಳು ಬದುಕುವುದೂ ಬಹುಮಟ್ಟಿಗೆ ಅದರಿಂದಲೇ. ಆದರೆ ತಿಳಿಸುವುದು ಬೇರೆ, ಮರುಳುಮಾಡುವುದು ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ.

ಮರುಳುಮಾಡುವ ಉಪಾಯಗಳು ಬಹಳವೇನೂ ಇಲ್ಲ. ನಾಲ್ಕನ್ನು ಅರಿತರೆ ಸಾಕು.

ಮೊದಲನೆಯದು ಚಿತ್ರದ ಸಾಕ್ಷಿ. ಐನೂರು ಮರಗಳ ತೋಟದಲ್ಲಿ ಯಾವ ಆರೈಕೆಯೂ ಇಲ್ಲದೆ ಚೆನ್ನಾಗಿ ಫಲಿಸುವ ಐದಾರು ಮರಗಳು ಇದ್ದೇ ಇರುತ್ತವೆ. ಅವುಗಳ ಚಿತ್ರ ತೆಗೆದರೆ ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಉಳಿದ ಮರಗಳ ಗತಿಯೇನೆಂದು ಆ ಕಾಗದ ಹೇಳುವುದಿಲ್ಲ.

ಎರಡನೆಯದು ಹೆದರಿಕೆ. ಇಂದೇ ಸಿಂಪಡಿಸದಿದ್ದರೆ ತೋಟವೇ ಹೋದೀತೆಂದು ಬರೆದರೆ ಯಾರ ಎದೆ ನಡುಗದು? ಹಳದಿ ಎಲೆ ರೋಗದ ವಿಷಯವನ್ನೇ ನೋಡಿರಿ. ಅದನ್ನು ಪೂರ್ತಿ ಗುಣಪಡಿಸುವ ಮದ್ದು ಇದುವರೆಗೆ ದೊರೆತಿಲ್ಲ. ಆದರೆ ನೀರು ನಿಂತರೂ, ಸಾರ ಕಡಿಮೆಯಾದರೂ ಸೋಗೆ ಹಳದಿಯಾಗುವುದುಂಟು. ಬಸಿಗಾಲುವೆ ತೆಗೆದು ಗೊಬ್ಬರ ಕೊಟ್ಟರೆ ಅದು ಮತ್ತೆ ಹಸುರಾದೀತು. ಈ ಹಳದಿ ಹಸುರಾದುದನ್ನು ತೋರಿಸಿ ಆ ಹಳದಿಗೆ ಮದ್ದು ಮಾರುವುದು ಸುಲಭ.

ಮೂರನೆಯದು ಪರರ ಕೀರ್ತಿಯನ್ನು ತನ್ನದೆನ್ನುವುದು. ಮಳೆ ಕಡಿಮೆಯಾದ ವರ್ಷ ಮಹಾಳಿ ತಾನಾಗಿಯೇ ಕಡಿಮೆ. ಆ ವರ್ಷ ಟಾನಿಕ್ ಸುರಿದವನಿಗೆ ಟಾನಿಕ್ಕೇ ದೇವರಾಗುತ್ತದೆ. ಮರುವರ್ಷ ಮಳೆ ಜಡಿದು ಕಾಯಿ ಉದುರಿದರೆ, ಹಾಕಿದ ಪ್ರಮಾಣ ಸಾಲಲಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು, ಅದು ಹೆಸರಿಡುವುದು. ವಿಷವನ್ನು ನಾವು ಮದ್ದು ಎನ್ನುತ್ತೇವೆ. ಆ ಒಂದು ಮಾತೇ ಅರ್ಧ ವ್ಯಾಪಾರ ಮಾಡಿಕೊಡುತ್ತದೆ. ಗೇರು ತೋಟಗಳ ಮೇಲೆ ಟೀ ಸೊಳ್ಳೆಯ ನಿವಾರಣೆಗೆಂದು ಎಂಡೋಸಲ್ಫಾನನ್ನು 2000ದವರೆಗೆ ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸಿಂಪಡಿಸಿದಾಗ, ನಮ್ಮ ಜನರ ಬಾಯಲ್ಲಿ ಅದೂ ಮದ್ದೇ ಆಗಿತ್ತು. ನೆರೆಯ ಕಾರಡ್ಕ, ಮುಳಿಯಾರು, ಬೆಳ್ಳೂರು, ಎಣ್ಮಕಜೆಗಳ ಮನೆಗಳಲ್ಲಿ ಅದರ ಫಲವನ್ನು ಇಂದಿಗೂ ಉಣ್ಣುತ್ತಿರುವವರಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಮದ್ದೆಂಬ ಮಾತಿಗೆ ಮೋಸಹೋದುದರ ಬೆಲೆ ಎಷ್ಟೆಂಬುದನ್ನು ಈ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ನೂರು ವರ್ಷಗಳಿಗೂ ಮೇಲ್ಪಟ್ಟು ಪರೀಕ್ಷೆಗೆ ನಿಂತ ವಸ್ತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿ ತೋಟಗಳಿಗಾಗಿ ಅದನ್ನು ಪ್ರಕಟಿಸಿದರು. ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ. ಇದಕ್ಕೆ ದೊಡ್ಡ ಜಾಹೀರಾತನ್ನು ಯಾರಾದರೂ ಕಂಡಿದ್ದಾರೆಯೇ? ಕಾಣದಿರಲು ಕಾರಣ ಸರಳ. ಅದರ ಹೆಸರು ಯಾರ ಸ್ವತ್ತೂ ಅಲ್ಲ. ಹೊಗಳಿ ಗಂಟು ಕಟ್ಟಿಕೊಳ್ಳುವವರಿಲ್ಲ. ಕೂಗು ಜೋರಾದಷ್ಟಕ್ಕೇ ಸರಕು ಒಳ್ಳೆಯದಾಗುವುದಿಲ್ಲ.

ಆದುದರಿಂದ ಕೃಷಿಕ ಬಾಂಧವರಲ್ಲಿ ನಮ್ಮ ಸೂಚನೆಯಿಷ್ಟೆ. ಹೊಸ ವಸ್ತುವನ್ನು ಒಮ್ಮೆಲೇ ಇಡೀ ತೋಟಕ್ಕೆ ಹಾಕಬೇಡಿರಿ. ಹತ್ತು ಮರಗಳಿಗೆ ಹಾಕಿ, ಪಕ್ಕದ ಹತ್ತನ್ನು ಹಾಗೆಯೇ ಬಿಟ್ಟು, ಎರಡು ಕೊಯಿಲಿನ ತೂಕವನ್ನು ಬರೆದಿಡಿರಿ. ಡಬ್ಬಿಯ ಹೊಳೆಯುವ ಚಿತ್ರವನ್ನು ಬಿಟ್ಟು ಮೂಲೆಯ ತ್ರಿಕೋನದ ಬಣ್ಣವನ್ನು ನೋಡಿರಿ: ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಲು ಕೆಳಗೆ, ಅನಂತರ ನೀಲಿ, ಕಡೆಗೆ ಹಸುರು. ಹಸುರೂ ವಿಷವೇ ಎಂಬುದನ್ನು ಮರೆಯಲಾಗದು. ಸಂಶಯವಿದ್ದರೆ ಪಂಚಾಯತಿನ ಕೃಷಿ ಭವನವಿದೆ. ಕಾಸರಗೋಡಿನಲ್ಲಿಯೇ ತೋಟಗಾರಿಕಾ ಬೆಳೆಗಳ ಕೇಂದ್ರೀಯ ಸಂಶೋಧನಾಲಯವಿದೆ. ಬಿಲ್ಲು ಇಲ್ಲದೆ ಏನನ್ನೂ ಕೊಳ್ಳಬೇಡಿರಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಮಾನಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದರೆ ಬಿಲ್ಲು ಇಲ್ಲದವನ ದೂರಿಗೆ ಕಾಲಿಲ್ಲ.

ಕೊನೆಗೆ ಗಡಿನಾಡಿನವರಾದ ನಮ್ಮದೇ ಒಂದು ಮಾತು. ಮಾರುವವನಿಗೆ ನಮ್ಮ ಭಾಷೆ ಬೇಕು. ನಮ್ಮ ಫೋನಿಗೆ ಬರುವ ಹೊಗಳಿಕೆ ಸೊಗಸಾದ ಕನ್ನಡದಲ್ಲಿರುತ್ತದೆ. ಆದರೆ ಎಷ್ಟು ಹಾಕಬೇಕು, ಹೊಟ್ಟೆಗೆ ಹೋದರೆ ಏನು ಮಾಡಬೇಕು, ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂಬ ಮಾತುಗಳು ಬಂದಾಗ ಕನ್ನಡ ಮಾಯವಾದರೆ ಅದಕ್ಕೆ ಏನೆನ್ನೋಣ? ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಈ ಸೂಚನೆಗಳಿರಬೇಕೆಂಬುದು 1971ರ ಕೀಟನಾಶಕ ನಿಯಮಗಳಲ್ಲಿಯೇ ಇದೆ. ಪಯಸ್ವಿನಿಯ ಎರಡು ದಂಡೆಗಳಲ್ಲಿಯೂ ಕನ್ನಡ ಓದುವ ಕೃಷಿಕರಿದ್ದಾರೆ. ಹೊಗಳಿಕೆಯನ್ನು ಕನ್ನಡದಲ್ಲಿ ಹೇಳಬಲ್ಲವರು ಎಚ್ಚರಿಕೆಯನ್ನೂ ಕನ್ನಡದಲ್ಲಿಯೇ ಹೇಳಲಿ. ಕನ್ನಡದ ಚೀಟಿ ಕೊಡಿ ಎಂದು ಅಂಗಡಿಯಲ್ಲಿ ಕೇಳಿರಿ. ಒಬ್ಬ ಕೇಳಿದರೆ ನಕ್ಕಾರು. ಊರೇ ಕೇಳಿದರೆ ಅಚ್ಚು ಹಾಕಿಸದೆ ಇರಲಾರರು.