ಹೋಳಿಗೆಗೂ ಒಂದು ಸೀಟು ಕೊಡಿ!

ಓದುಗ ದೊರೆಗಳೇ, ಈ ವಾರ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಬರೀ ಖಳನಾಯಕನ ವಿಷಯ. ಹೆಸರು ಸಕ್ಕರೆ ಕಾಯಿಲೆ!

‘ಅದು ಮುದುಕರ ಕಾಯಿಲೆ ಕಣಯ್ಯಾ, ನಮಗ್ಯಾಕೆ?’ ಅಂತ ಪುಟ ತಿರುಗಿಸಬೇಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ದೇಶದ ಮಧುಮೇಹಿಗಳು ಸುಮಾರು 10 ಕೋಟಿ. ಅವರಲ್ಲಿ ಗಾಂಧಿಕ್ಲಾಸಿನಲ್ಲಿ ಶಿಳ್ಳೆ ಹೊಡೆಯೋ ಹುಡುಗರೂ ಉಂಟು. ನಟಿ ಸೋನಂ ಕಪೂರ್‌ಗೆ ಮಧುಮೇಹ ಬಂದದ್ದು ಹದಿಹರೆಯದಲ್ಲಿ. 2007ರ ‘ಸಾವರಿಯಾ’ದಲ್ಲಿ ನಾಯಕಿಯಾದದ್ದು ಅದರ ನಂತರವೇ!

ನನ್ನ ಗೆಳೆಯನೊಬ್ಬ ಪೋಸ್ಟರ್ ಅಂಟಿಸೋನು. ಇಪ್ಪತ್ತಾರಕ್ಕೇ ಶುಗರ್. ಮನೆಯಲ್ಲಿ ಸಿಹಿಗೆ ಸಂಪೂರ್ಣ ನಿಷೇಧ. ಆದರೆ ಆಸೆಗೆ ಕತ್ತರಿ ಹಾಕೋ ಸೆನ್ಸಾರ್ ಎಲ್ಲಿದೆ? ಒಂದು ಮದುವೆ ಮನೆಯಲ್ಲಿ ಕದ್ದು ಮೂರು ಲಾಡು ಹೊಡೆದ. ಆಮೇಲೆ ಭಯ! ಡಾಕ್ಟರು ಹೇಳಿದ್ದಕ್ಕಿಂತ ಒಂದು ಮಾತ್ರೆ ಹೆಚ್ಚಿಗೆ ನುಂಗಿ, ಊಟಾನೂ ಬಿಟ್ಟ. ಸಂಜೆ ಫಸ್ಟ್ ಶೋ ಕ್ಯೂನಲ್ಲಿ ನನ್ನ ಪಕ್ಕ ನಿಂತಿದ್ದವನಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ‘ಕುಡಿದವ್ನೆ’ ಅಂದರು ಜನ. ಕ್ಯಾಂಟೀನಿನ ಯಜಮಾನರು ಮಾತ್ರ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದರು. ಕಾಲು ಗಂಟೆಯಲ್ಲಿ ಹುಡುಗ ಸುಧಾರಿಸಿಕೊಂಡ. ನೋಡಿ ತಮಾಷೆ! ಅವನನ್ನು ಕೆಡವಿದ್ದು ಲಾಡುವಲ್ಲ, ಕಳ್ಳತನ ಮುಚ್ಚೋಕೆ ತಾನೇ ಡಾಕ್ಟರಾದದ್ದು. ಎತ್ತಿ ಕೂರಿಸಿದ್ದು ಸಕ್ಕರೆ!

ಕೆಲವು ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಎಚ್ಚರ ಇದ್ದರೆ ಸಕ್ಕರೆ ನೀರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹುಯ್ಯದೆ ಸೀದಾ ಆಸ್ಪತ್ರೆಗೆ. ಇದು ಪ್ರಾಣದ ಮಾತು, ನೆನಪಿರಲಿ.

ಹಾಗಾದರೆ ಸಿಹಿಗೆ ಶುಭಂ ಅನ್ನಬೇಕೆ? ಬೇಡ ಸ್ವಾಮಿ! ಊಟದ ತಟ್ಟೆಯನ್ನ ಟಾಕೀಸು ಅಂದುಕೊಳ್ಳಿ. ಇರೋ ಸೀಟು ಇಷ್ಟೇ. ಅನ್ನ, ಚಪಾತಿ, ಮುದ್ದೆ, ಆಲೂಗಡ್ಡೆ... ಇವೆಲ್ಲವೂ ಹೊಟ್ಟೆಗೆ ಹೋದ ಮೇಲೆ ಬಹುಪಾಲು ಸಕ್ಕರೆಯೇ ಆಗೋದು. ಹೋಳಿಗೆ ಬಂದು ಕೂರಬೇಕಾದರೆ ಅನ್ನ ಎದ್ದು ಜಾಗ ಬಿಡಬೇಕು. ಎರಡನ್ನೂ ಕೂರಿಸಿದಿರೋ, ಹೌಸ್‌ಫುಲ್ ಆದ ಮೇಲೂ ಟಿಕೆಟ್ ಹರಿದ ಹಾಗೆ!

ಖಾಲಿ ಹೊಟ್ಟೆಗೆ ಸಿಹಿ ಬೇಡ. ಕೋಸಂಬರಿ, ಪಲ್ಯ, ಬೇಳೆ ಮೊದಲು ಹೋಗಲಿ. ಅರ್ಧ ಹೋಳಿಗೆ ಕ್ಲೈಮ್ಯಾಕ್ಸಿಗೆ ಬರಲಿ. ಕೈ ತೊಳೆದ ಮೇಲೆ ಹದಿನೈದು ನಿಮಿಷ ನಡೀರಿ. ಎರಡು ಗಂಟೆಯಾದ ಮೇಲೆ ಬೆರಳು ಚುಚ್ಚಿ ನೋಡಿ. ಸಾಮಾನ್ಯವಾಗಿ 180ರ ಒಳಗಿದ್ದರೆ ಲೆಕ್ಕ ಸರಿ ಅಂತ. ನಿಮ್ಮ ಗುರಿ ಎಷ್ಟು ಅನ್ನೋದನ್ನ ಮಾತ್ರ ಡಾಕ್ಟರೇ ಹೇಳಬೇಕು.

‘ಬೆಲ್ಲದ್ದು, ಏನೂ ಆಗಲ್ಲ’ ಅನ್ನೋರನ್ನ ನಂಬಬೇಡಿ. ಬೆಲ್ಲ ಅಂದರೆ ಸಕ್ಕರೆಯದೇ ದ್ವಿಪಾತ್ರ. ಮೇಕಪ್ ಮಾತ್ರ ಬೇರೆ! ‘ಸಕ್ಕರೆರಹಿತ’ ಅಂತ ಬೋರ್ಡು ಹಾಕಿದ ಮಿಠಾಯಿಯಲ್ಲೂ ಮೈದಾ, ಖೋವಾ, ತುಪ್ಪ ಹಾಗೇ ಕೂತಿರುತ್ತವೆ.

ಕೊನೆಗೊಂದು ಮಾತು, ಮಧುಮೇಹ ಇಲ್ಲದ ಗೆಳೆಯರಿಗೆ. ‘ನಿನಗೆ ಬೇಡ ಬಿಡೋ’ ಅಂತ ಪಂಕ್ತಿಯಲ್ಲಿ ಅವನ ಎಲೆ ಮಾತ್ರ ದಾಟಿಸಬೇಡಿ. ಅರ್ಧ ಹೋಳಿಗೆ ಎದುರಿಗೇ ಬಡಿಸಿ. ಕೌಂಟರಿನಲ್ಲಿ ಸಿಗದ ಟಿಕೆಟನ್ನೇ ಅಲ್ಲವೆ ಮನುಷ್ಯ ಬ್ಲಾಕಿನಲ್ಲಿ ಕೊಳ್ಳೋದು?